ಬಲಾಢ್ಯ ಸರ್ಕಾರದ ಮೇಲೆ ದೂರು: ಯಾವ ಬಾಗಿಲು ತಟ್ಟಬೇಕು?

ಪ್ರಶ್ನೆ: ದೊಡ್ಡ ದೇಶವೊಂದು ಇನ್ನೊಂದು ದೇಶದ ಮೇಲೆ ಬಾಂಬ್ ಹಾಕುತ್ತದೆ, ಜನರನ್ನು ಹಿಡಿದೊಯ್ದು ಹಿಂಸಿಸುತ್ತದೆ. ಭದ್ರತಾ ಮಂಡಳಿಗೆ ಹೋದರೆ ವಿಟೊ. ಹೇಗ್‌ಗೆ ಹೋದರೆ ‘ನಿಮ್ಮ ಕೋರ್ಟನ್ನು ನಾವು ಒಪ್ಪುವುದಿಲ್ಲ’ ಎನ್ನುತ್ತದೆ. ಹಾಗಾದರೆ ಅಂತರರಾಷ್ಟ್ರೀಯ ಕಾನೂನು ಸಣ್ಣವರಿಗೆ ಮಾತ್ರವೇ? ಒಂದು ಸಣ್ಣ ದೇಶ ಅಥವಾ ನೊಂದ ಕುಟುಂಬ ನಿಜವಾಗಿ ಏನು ಮಾಡಬಹುದು?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಅಡ್ಡಿಗಳು ಬೆರೆತಿವೆ. ಮೊದಲು ಅವನ್ನು ಬಿಡಿಸಿಕೊಳ್ಳೋಣ. ವಿಟೊ ನಡೆಯುವುದು ಭದ್ರತಾ ಮಂಡಳಿಯಲ್ಲಿ ಮಾತ್ರ. ಅಲ್ಲಿನ 15 ಸದಸ್ಯರಲ್ಲಿ ಐದು ಕಾಯಂ ದೇಶಗಳಿಗೆ ಆ ಅಧಿಕಾರವಿದೆ. ಮಹಾಸಭೆಯಲ್ಲಿ ಅದಿಲ್ಲ, ಯಾವ ನ್ಯಾಯಾಲಯದಲ್ಲೂ ಇಲ್ಲ. ನ್ಯಾಯಾಲಯದಲ್ಲಿ ಅಡ್ಡ ಬರುವುದು ಒಪ್ಪಿಗೆಯ ಪ್ರಶ್ನೆ: ತಾನಾಗಿ ಒಪ್ಪದ ದೇಶವನ್ನು ಅಂತರರಾಷ್ಟ್ರೀಯ ನ್ಯಾಯಾಲಯದ ಮುಂದೆ ಎಳೆದು ತರಲಾಗದು. ಆದರೆ ಆ ಒಪ್ಪಿಗೆಯನ್ನು ಜಗಳ ಹುಟ್ಟಿದ ಮೇಲೆ ಹೊಸದಾಗಿ ಬೇಡಬೇಕಾಗಿಲ್ಲ. ಎಷ್ಟೋ ಸಲ ಅದನ್ನು ಮೂವತ್ತು, ಐವತ್ತು ವರ್ಷಗಳ ಹಿಂದೆಯೇ ಯಾವುದೋ ಒಪ್ಪಂದದ ಕೊನೆಯ ವಿಧಿಗಳಲ್ಲಿ ಕೊಟ್ಟಾಗಿರುತ್ತದೆ. ಇಂಥ ದಾವೆ ಹೂಡುವ ವಕೀಲರು ಮೊದಲು ಹುಡುಕುವುದು ಆ ಹಳೆಯ ಸಹಿಯನ್ನೇ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಗೆಹರಿಸಿಬಿಡುತ್ತೇನೆ. ಹೇಗ್‌ನಲ್ಲಿರುವ ಅಂತರರಾಷ್ಟ್ರೀಯ ನ್ಯಾಯಾಲಯ, ಅಂದರೆ ಐಸಿಜೆ, ವಿಶ್ವಸಂಸ್ಥೆಯ ಅಂಗ. 15 ನ್ಯಾಯಾಧೀಶರು, ಒಂಬತ್ತು ವರ್ಷಗಳ ಅವಧಿ. ಅಲ್ಲಿ ವಾದಿಯೂ ದೇಶ, ಪ್ರತಿವಾದಿಯೂ ದೇಶ. ಅದೇ ಊರಿನ ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯ, ಐಸಿಸಿ, ಬೇರೆಯೇ ಸಂಸ್ಥೆ. ಅದು 1998ರ ರೋಮ್ ಶಾಸನದಿಂದ ಹುಟ್ಟಿ 2002ರಲ್ಲಿ ಕೆಲಸ ಆರಂಭಿಸಿತು. ಅಲ್ಲಿ ವಿಚಾರಣೆಗೆ ಒಳಗಾಗುವುದು ವ್ಯಕ್ತಿಗಳು. ಐಸಿಜೆಯಿಂದ ಯಾರೂ ಜೈಲಿಗೆ ಹೋಗುವುದಿಲ್ಲ, ಐಸಿಸಿಯಿಂದ ಯಾವ ದೇಶಕ್ಕೂ ದಂಡ ಬೀಳುವುದಿಲ್ಲ. ನಿಮಗೆ ಬೇಕಿರುವುದು ಪರಿಹಾರವೋ, ಅಪರಾಧಿಗೆ ಶಿಕ್ಷೆಯೋ, ನಾಳೆ ಬೀಳಲಿರುವ ಬಾಂಬನ್ನು ತಡೆಯುವುದೋ ಎಂಬುದನ್ನು ತೀರ್ಮಾನಿಸದೆ ದೂರು ಬರೆಯಲು ಕೂತರೆ ತಪ್ಪು ಬಾಗಿಲಲ್ಲೇ ವರ್ಷಗಳು ಕಳೆದುಹೋಗುತ್ತವೆ.

ಹಳೆಯ ಸಹಿ ಹುಡುಕುವುದು ಹೇಗೆ

ಐಸಿಜೆಗೆ ಅಧಿಕಾರ ಬರುವುದು ಮೂರು ದಾರಿಯಲ್ಲಿ. ಎರಡೂ ದೇಶಗಳು ಕೂಡಿ ಒಂದು ವ್ಯಾಜ್ಯವನ್ನು ಒಪ್ಪಿಸುವುದು ಮೊದಲನೆಯದು. ಬಲಾಢ್ಯ ಪ್ರತಿವಾದಿ ಇದಕ್ಕೆ ಬರುವುದು ತೀರ ಅಪರೂಪ, ಅದನ್ನು ಬಿಟ್ಟುಬಿಡಿ. ಎರಡನೆಯದು, ನ್ಯಾಯಾಲಯದ ಶಾಸನದ 36(2)ನೇ ವಿಧಿಯಡಿ ‘ನಿಮ್ಮ ಅಧಿಕಾರವನ್ನು ಒಪ್ಪುತ್ತೇವೆ’ ಎಂದು ದೇಶವೊಂದು ಮೊದಲೇ ಸಲ್ಲಿಸಿಟ್ಟ ಘೋಷಣೆ. 70ಕ್ಕೂ ಹೆಚ್ಚು ದೇಶಗಳ ಘೋಷಣೆಗಳು ಜಾರಿಯಲ್ಲಿವೆ, ಆದರೆ ಕಾಯಂ ಸದಸ್ಯರಲ್ಲಿ ಇಂದು ಬ್ರಿಟನ್ನಿನದು ಮಾತ್ರ ಇದೆ. ಮೂರನೆಯದೇ ಹೆಚ್ಚು ಉಪಯೋಗಕ್ಕೆ ಬರುವಂಥದ್ದು: ‘ಈ ಒಪ್ಪಂದದ ಅರ್ಥ ಅಥವಾ ಪಾಲನೆಯ ಬಗ್ಗೆ ವ್ಯಾಜ್ಯ ಬಂದರೆ ಐಸಿಜೆಗೆ ಹೋಗಬಹುದು’ ಎಂಬ ಕಲಮು. 1948ರ ನರಮೇಧ ಒಪ್ಪಂದದ 9ನೇ ವಿಧಿ, ಜನಾಂಗ ತಾರತಮ್ಯ ವಿರೋಧಿ ಒಪ್ಪಂದದ 22ನೇ ವಿಧಿ, ಚಿತ್ರಹಿಂಸೆ ವಿರೋಧಿ ಒಪ್ಪಂದದ 30ನೇ ವಿಧಿ ಇಂಥವು.

ವಿಶ್ವಸಂಸ್ಥೆಯ ಒಪ್ಪಂದಗಳ ಜಾಲತಾಣದಲ್ಲಿ ಎರಡೂ ದೇಶಗಳ ಹೆಸರಿನ ಮುಂದೆ ಮೂರು ಸಂಗತಿ ನೋಡಬೇಕು: ಸೇರಿದ ದಿನಾಂಕ, ಆ ಕಲಮು ತನಗೆ ಅನ್ವಯಿಸದು ಎಂದು ಹಾಕಿದ ಷರತ್ತು, ಆ ಷರತ್ತನ್ನು ಮುಂದೆಂದಾದರೂ ಹಿಂತೆಗೆದುಕೊಂಡದ್ದಿದೆಯೇ ಎಂಬುದು. ನರಮೇಧ ಒಪ್ಪಂದದ 9ನೇ ವಿಧಿಗೆ ಅಮೆರಿಕ, ಚೀನಾ ಎರಡೂ ಷರತ್ತು ಹಾಕಿವೆ. ಅವುಗಳ ಮೇಲೆ ಈ ದಾರಿ ಮುಚ್ಚಿದೆ. ಸೋವಿಯತ್ ಒಕ್ಕೂಟವೂ ಹಾಕಿತ್ತು, 1989ರಲ್ಲಿ ಕೈಬಿಟ್ಟಿತು. 2022ರಲ್ಲಿ ಉಕ್ರೇನ್ ರಷ್ಯಾದ ಮೇಲೆ ದಾವೆ ಹೂಡಲು ಸಾಧ್ಯವಾದದ್ದು ಆ 33 ವರ್ಷ ಹಳೆಯ ಕಾಗದದಿಂದ. ನಿಮ್ಮ ಕಡೆಯ ಷರತ್ತನ್ನೂ ನೋಡಿಕೊಳ್ಳಿ. ನೀವು ಹಾಕಿದ ಷರತ್ತನ್ನು ಎದುರಾಳಿಯೂ ನಿಮ್ಮ ವಿರುದ್ಧ ಎತ್ತಬಹುದು.

ಈ ದಾರಿಗೂ ಒಂದು ಬೆಲೆಯಿದೆ. ಒಪ್ಪಂದ ಎಷ್ಟು ಅಗಲವೋ ದಾವೆಯೂ ಅಷ್ಟೇ ಅಗಲ. ಉಕ್ರೇನಿನ ನಿಜವಾದ ಅಳಲು ಆಕ್ರಮಣದ್ದು, ಆದರೆ ಕೈಯಲ್ಲಿದ್ದದ್ದು ನರಮೇಧ ಒಪ್ಪಂದ. ಹಾಗಾಗಿ ‘ನಾವು ನರಮೇಧ ನಡೆಸಿದ್ದೇವೆ ಎಂಬ ಸುಳ್ಳು ನೆಪ ಹೇಳಿ ನಮ್ಮ ಮೇಲೆ ಬಲಪ್ರಯೋಗ ಮಾಡಿದ್ದಾರೆ’ ಎಂದು ವಾದ ಕಟ್ಟಬೇಕಾಯಿತು. 2024ರ ಫೆಬ್ರುವರಿ 2ರಂದು ನ್ಯಾಯಾಲಯ ಬಲಪ್ರಯೋಗದ ಭಾಗವನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ‘ನಾವು ನರಮೇಧ ಮಾಡಿಲ್ಲ ಎಂದು ಘೋಷಿಸಿ’ ಎಂಬ ಕೋರಿಕೆ ಮಾತ್ರ ಉಳಿಯಿತು. ಬೇರೆ ಬಾಗಿಲಿಲ್ಲದಿದ್ದಾಗ ಹೀಗೆ ಬಟ್ಟೆಯಿದ್ದಷ್ಟೇ ಅಂಗಿ ಹೊಲಿಯಬೇಕಾಗುತ್ತದೆ. ಎಷ್ಟು ಭಾಗ ಉದುರಬಹುದು ಎಂಬುದನ್ನು ದಾವೆ ಹೂಡುವ ಮುನ್ನವೇ ಜನರಿಗೆ ತಿಳಿಸುವುದು ಆ ಸರ್ಕಾರದ ಕರ್ತವ್ಯ ಎಂದು ನಾನು ನಂಬುತ್ತೇನೆ.

ಒಂದೇ ಆಧಾರದ ಮೇಲೆ ನಿಲ್ಲಬಾರದು ಎಂಬುದಕ್ಕೆ ನಿಕರಾಗುವಾ ಪ್ರಕರಣ ಪಾಠ. ಅಮೆರಿಕದ ಗುಪ್ತಚರ ಸಂಸ್ಥೆ ಆ ದೇಶದ ಬಂದರುಗಳಲ್ಲಿ ನೆಲಬಾಂಬಿನಂಥ ಜಲಬಾಂಬುಗಳನ್ನು ಇರಿಸಿತ್ತು, ಕೊಂಟ್ರಾ ಬಂಡುಕೋರರಿಗೆ ಹಣ, ತರಬೇತಿ ಕೊಡುತ್ತಿತ್ತು. 1984ರ ಏಪ್ರಿಲ್ 9ರಂದು ನಿಕರಾಗುವಾ ದಾವೆ ಹೂಡಿತು. ಅದರ ಸುಳಿವು ಸಿಕ್ಕ ಅಮೆರಿಕ ಮೂರು ದಿನ ಮೊದಲೇ, ಏಪ್ರಿಲ್ 6ರಂದು, ಮಧ್ಯ ಅಮೆರಿಕದ ವ್ಯಾಜ್ಯಗಳಿಗೆ ತನ್ನ ಘೋಷಣೆ ಎರಡು ವರ್ಷ ಅನ್ವಯಿಸದು ಎಂದು ಪತ್ರ ಸಲ್ಲಿಸಿತ್ತು. ಆದರೆ ಅದರ 1946ರ ಘೋಷಣೆಯಲ್ಲೇ ‘ಆರು ತಿಂಗಳ ಮುನ್ಸೂಚನೆ’ ಎಂದು ಬರೆದಿತ್ತು. ಆ ಮಾತಿಗೆ ನ್ಯಾಯಾಲಯ ಅಮೆರಿಕವನ್ನು ಕಟ್ಟಿಹಾಕಿತು. ನಿಕರಾಗುವಾದ ಕಾಗದಪತ್ರವೂ ಸರಿಯಿರಲಿಲ್ಲ. ಅದರ 1929ರ ಘೋಷಣೆಗೆ ಬೇಕಿದ್ದ ಅನುಮೋದನಾ ಪತ್ರ ಜಿನೀವಾಕ್ಕೆ (ವಿಶ್ವಸಂಸ್ಥೆಗೂ ಮುಂಚಿನ ಲೀಗ್ ಆಫ್ ನೇಷನ್ಸ್ ಕಚೇರಿಗೆ) ತಲುಪಿದ ದಾಖಲೆಯೇ ಇರಲಿಲ್ಲ. ಬಹುಮತ ಅದನ್ನು ಮನ್ನಿಸಿತು. ಮನ್ನಿಸದಿದ್ದರೂ ಎರಡೂ ದೇಶಗಳ ನಡುವಿನ 1956ರ ಸ್ನೇಹ ಮತ್ತು ವಾಣಿಜ್ಯ ಒಪ್ಪಂದ ಎರಡನೆಯ ಆಧಾರವಾಗಿ ನಿಂತಿತ್ತು. 1986ರ ಜೂನ್ 27ರಂದು ಅಮೆರಿಕದ ವಿರುದ್ಧ ತೀರ್ಪು ಬಂತು.

ದಾವೆಗೂ ಮುನ್ನದ ಪತ್ರ

ಒಳ್ಳೆಯ ದಾವೆಗಳು ಮುಗ್ಗರಿಸುವುದು ಹೆಚ್ಚಾಗಿ ಇಲ್ಲಿ. ಹಲವು ಒಪ್ಪಂದಗಳು ‘ಮೊದಲು ಮಾತುಕತೆ, ಆಮೇಲೆ ನ್ಯಾಯಾಲಯ’ ಎನ್ನುತ್ತವೆ. 2008ರ ಯುದ್ಧದ ನಡುವೆ ಜಾರ್ಜಿಯಾ ಜನಾಂಗ ತಾರತಮ್ಯ ವಿರೋಧಿ ಒಪ್ಪಂದದಡಿ ರಷ್ಯಾದ ಮೇಲೆ ಐಸಿಜೆಗೆ ಹೋಯಿತು, ಮಧ್ಯಂತರ ಆದೇಶವನ್ನೂ ಪಡೆಯಿತು. 2011ರ ಏಪ್ರಿಲ್ 1ರಂದು ಇಡೀ ದಾವೆ ವಜಾ ಆಯಿತು. ಆ ಒಪ್ಪಂದದ ವಿಷಯಗಳ ಬಗ್ಗೆ ರಷ್ಯಾದೊಡನೆ ಮಾತುಕತೆಗೆ ಪ್ರಯತ್ನಿಸಿದ್ದನ್ನು ಜಾರ್ಜಿಯಾ ತೋರಿಸಲಾಗಲಿಲ್ಲ. ಯುದ್ಧದ ಬಗ್ಗೆ ಎಷ್ಟೇ ಕೂಗಾಡಿದ್ದರೂ ಅದು ಲೆಕ್ಕಕ್ಕೆ ಬರಲಿಲ್ಲ. ಮಾರ್ಷಲ್ ದ್ವೀಪಗಳು ಅಣ್ವಸ್ತ್ರ ಹೊಂದಿದ ದೇಶಗಳ ಮೇಲೆ ಹೂಡಿದ ದಾವೆಗಳೂ 2016ರಲ್ಲಿ ‘ನಿಮ್ಮ ನಡುವೆ ವ್ಯಾಜ್ಯವಿತ್ತು ಎಂಬುದೇ ಸಾಬೀತಾಗಿಲ್ಲ’ ಎಂಬ ಕಾರಣಕ್ಕೆ ಬಿದ್ದವು. ಬ್ರಿಟನ್ ವಿರುದ್ಧದ ದಾವೆಯಲ್ಲಿ ಮತಗಳು 8–8 ಸಮವಾಗಿ ಅಧ್ಯಕ್ಷರ ನಿರ್ಣಾಯಕ ಮತದಿಂದ ಸೋಲಾಯಿತು.

ಗ್ಯಾಂಬಿಯಾ ಈ ತಪ್ಪು ಮಾಡಲಿಲ್ಲ. ರೋಹಿಂಗ್ಯಾರ ವಿಷಯದಲ್ಲಿ 2019ರ ಅಕ್ಟೋಬರ್ 11ರಂದು ಮ್ಯಾನ್ಮಾರ್‌ಗೆ ರಾಜತಾಂತ್ರಿಕ ಪತ್ರ ಕಳಿಸಿತು, ಒಂದು ತಿಂಗಳು ಕಾದಿತು, ಉತ್ತರ ಬರಲಿಲ್ಲ, ನವೆಂಬರ್ 11ರಂದು ದಾವೆ ಹೂಡಿತು. 2022ರ ಜುಲೈನಲ್ಲಿ ನ್ಯಾಯಾಲಯ ಆ ಮೌನವನ್ನೂ ವ್ಯಾಜ್ಯದ ಪುರಾವೆಯಾಗಿ ಪರಿಗಣಿಸಿತು. ಅಂಥ ಪತ್ರದಲ್ಲಿ ನಾಲ್ಕು ಸಂಗತಿ ಸ್ಪಷ್ಟವಾಗಿರಬೇಕು: ಒಪ್ಪಂದದ ಹೆಸರು ಮತ್ತು ವಿಧಿ, ಉಲ್ಲಂಘನೆಯಾದ ಕೃತ್ಯಗಳು, ನಿಮ್ಮ ಬೇಡಿಕೆ, ಉತ್ತರಕ್ಕೆ ಗಡುವು. ತಲುಪಿದ್ದಕ್ಕೆ ಸ್ವೀಕೃತಿ ಇಟ್ಟುಕೊಳ್ಳಿ.

ಗ್ಯಾಂಬಿಯಾಕ್ಕೂ ಮ್ಯಾನ್ಮಾರ್‌ಗೂ ಗಡಿಯಿಲ್ಲ, ಗ್ಯಾಂಬಿಯಾದ ಪ್ರಜೆಗಳಿಗೆ ಹಾನಿಯೂ ಆಗಿರಲಿಲ್ಲ. ಆದರೂ ದಾವೆ ನಿಂತಿತು. ನರಮೇಧ ಒಪ್ಪಂದದ ಕರ್ತವ್ಯವನ್ನು ಪ್ರತಿ ಸದಸ್ಯ ದೇಶವೂ ಉಳಿದೆಲ್ಲ ಸದಸ್ಯರಿಗೂ ಸಲ್ಲಿಸಬೇಕು, ಹಾಗಾಗಿ ಅವರಲ್ಲಿ ಯಾರು ಬೇಕಾದರೂ ಕೇಳಬಹುದು ಎಂಬುದು ಕಾರಣ. 2023ರ ಕೊನೆಯಲ್ಲಿ ದಕ್ಷಿಣ ಆಫ್ರಿಕಾ ಇಸ್ರೇಲ್ ಮೇಲೆ ಹೋದದ್ದೂ ಇದೇ ತತ್ವದ ಮೇಲೆ. ಸಂತ್ರಸ್ತರ ಪರ ಮಾತಾಡುವವರಿಗೆ ಇದು ದೊಡ್ಡ ಬಲ: ಸ್ವಂತ ಸರ್ಕಾರ ಹೆದರಿದರೆ ಬೇರೆ ಸರ್ಕಾರದ ಮನವೊಲಿಸಬಹುದು. ಐಸಿಜೆಯಲ್ಲಿ ನ್ಯಾಯಾಲಯ ಶುಲ್ಕವಿಲ್ಲ. ವಕೀಲರ ಮತ್ತು ಪುರಾವೆಯ ಖರ್ಚಿಗೆ ಬಡ ದೇಶಗಳು ಅರ್ಜಿ ಹಾಕಿಕೊಳ್ಳಬಹುದಾದ ನಿಧಿಯೊಂದು 1989ರಿಂದ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯವರ ಬಳಿ ಇದೆ.

ಅಂತಿಮ ತೀರ್ಪಿಗೆ ವರ್ಷಗಟ್ಟಲೆ ಬೇಕು, ಮಧ್ಯಂತರ ಆದೇಶಕ್ಕೆ ವಾರಗಳು ಸಾಕು. ಉಕ್ರೇನ್ 2022ರ ಫೆಬ್ರುವರಿ 26ರಂದು ಕೇಳಿತು, ಮಾರ್ಚ್ 16ಕ್ಕೆ 13–2 ಮತಗಳಿಂದ ಆದೇಶ ಬಂತು. ಇದಕ್ಕೆ ನ್ಯಾಯಾಲಯದ ಅಧಿಕಾರ ಮೇಲ್ನೋಟಕ್ಕೆ ಕಾಣಬೇಕು, ಕೇಳುವ ಹಕ್ಕು ನಂಬುವಂತಿರಬೇಕು, ಕೇಳುವ ಆದೇಶಕ್ಕೂ ಆ ಹಕ್ಕಿಗೂ ನಂಟಿರಬೇಕು, ತಡವಾದರೆ ಸರಿಪಡಿಸಲಾಗದ ಹಾನಿಯ ಅಪಾಯ ಇರಬೇಕು. ಇಂಥ ಆದೇಶ ಕಡ್ಡಾಯ ಎಂದು 2001ರ ಲಾಗ್ರಾಂಡ್ ತೀರ್ಪು ಹೇಳಿದೆ.

ಗೆದ್ದ ಮೇಲೆ

ವಿಶ್ವಸಂಸ್ಥೆಯ ಸನ್ನದಿನ 94ನೇ ವಿಧಿಯ ಪ್ರಕಾರ ತೀರ್ಪು ಪಾಲಿಸದ ದೇಶದ ಮೇಲೆ ಭದ್ರತಾ ಮಂಡಳಿಗೆ ಹೋಗಬಹುದು. ನಿಕರಾಗುವಾ ಹೋಯಿತು, 1986ರ ಅಕ್ಟೋಬರ್‌ನಲ್ಲಿ ಅಮೆರಿಕ ವಿಟೊ ಹಾಕಿತು. ಮಹಾಸಭೆ 94–3 ಮತಗಳಿಂದ ತೀರ್ಪನ್ನು ಪಾಲಿಸಿ ಎಂದಿತು. ಹಣ ಬರಲಿಲ್ಲ, ಸರ್ಕಾರ ಬದಲಾದ ಮೇಲೆ 1991ರಲ್ಲಿ ನಿಕರಾಗುವಾ ದಾವೆಯನ್ನೇ ಹಿಂತೆಗೆದುಕೊಂಡಿತು. ಇದನ್ನು ನಾನು ಮುಚ್ಚಿಡುವುದಿಲ್ಲ: ಕಾಯಂ ಸದಸ್ಯ ಪಾಲಿಸಲಾರೆ ಎಂದು ಹಟ ಹಿಡಿದರೆ ಅದರಿಂದ ಬಲವಂತವಾಗಿ ವಸೂಲು ಮಾಡುವ ಯಂತ್ರ ಇಲ್ಲ.

ಆದರೂ ತೀರ್ಪಿನ ಭಾರ ನಿಧಾನವಾಗಿ ಬೇರೆ ಕಡೆಗಳಿಂದ ಬೀಳುತ್ತದೆ. ಬ್ರಿಟನ್ ಆಳುತ್ತಿದ್ದ, ಮಾರಿಷಸ್ ತನ್ನದೆನ್ನುತ್ತಿದ್ದ ಚಾಗೋಸ್ ದ್ವೀಪಗಳ ವಿಷಯಕ್ಕೆ ಬ್ರಿಟನ್ನಿನ ಘೋಷಣೆ ಅನ್ವಯಿಸುತ್ತಿರಲಿಲ್ಲ, ಹಾಗಾಗಿ ದಾವೆ ಹೂಡಲು ಅದರ ಒಪ್ಪಿಗೆ ಇರಲಿಲ್ಲ. ಮಾರಿಷಸ್ ಮಹಾಸಭೆಯ ಮೂಲಕ ಸಲಹಾ ಅಭಿಪ್ರಾಯ ಕೇಳಿಸಿತು. ಅದಕ್ಕೆ ಪ್ರತಿವಾದಿಯ ಒಪ್ಪಿಗೆ ಬೇಕಿಲ್ಲ, ಮಹಾಸಭೆಯಲ್ಲಿ ಬಹುಮತ ಸಾಕು. 2017ರಲ್ಲಿ 94–15 ಮತ, 2019ರ ಫೆಬ್ರುವರಿ 25ರಂದು 13–1ರಿಂದ ‘ಬ್ರಿಟನ್ ಆದಷ್ಟು ಬೇಗ ಆಡಳಿತ ಕೊನೆಗೊಳಿಸಬೇಕು’ ಎಂಬ ಅಭಿಪ್ರಾಯ, ಮೇ ತಿಂಗಳಲ್ಲಿ 116–6ರಿಂದ ಮಹಾಸಭೆಯ ಅನುಮೋದನೆ. ಇದು ಬರೀ ಸಲಹೆ ಎಂದು ಬ್ರಿಟನ್ ತಳ್ಳಿಹಾಕಿತು. ಆದರೆ 2021ರ ಜನವರಿಯಲ್ಲಿ ಅಂತರರಾಷ್ಟ್ರೀಯ ಸಮುದ್ರ ಕಾನೂನು ನ್ಯಾಯಮಂಡಳಿಯ ಪೀಠ ಅದನ್ನು ಬಗೆಹರಿದ ವಿಷಯವೆಂದು ಪರಿಗಣಿಸಿತು, ಅದೇ ವರ್ಷ ಜಾಗತಿಕ ಅಂಚೆ ಒಕ್ಕೂಟ ಆ ಪ್ರದೇಶದ ಹೆಸರಿನ ಬ್ರಿಟಿಷ್ ಅಂಚೆಚೀಟಿಗಳನ್ನು ಮಾನ್ಯ ಮಾಡುವುದನ್ನು ನಿಲ್ಲಿಸಿತು. 2025ರ ಮೇ 22ರಂದು ಸಾರ್ವಭೌಮತ್ವ ಮಾರಿಷಸ್‌ಗೆ ಎಂಬ ಒಪ್ಪಂದಕ್ಕೆ ಸಹಿ ಬಿತ್ತು; ಡಿಯೆಗೊ ಗಾರ್ಸಿಯಾ ಸೇನಾ ನೆಲೆ 99 ವರ್ಷಗಳ ಗುತ್ತಿಗೆಗೆ ಬ್ರಿಟನ್ ಬಳಿಯೇ ಉಳಿಯುವ ಷರತ್ತಿನ ಮೇಲೆ. ಅಲ್ಲಿಂದ ಒಕ್ಕಲೆಬ್ಬಿಸಲ್ಪಟ್ಟ ಚಾಗೋಸಿಯನ್ನರಿಗೆ ಮಾತುಕತೆಯ ಮೇಜಿನಲ್ಲಿ ಜಾಗ ಸಿಗಲಿಲ್ಲ ಎಂಬುದು ಆ ಗೆಲುವಿನ ದೊಡ್ಡ ಕೊರತೆ.

ರಷ್ಯಾ ಕೂಡ ಒಮ್ಮೆ ಹಣ ತೆತ್ತಿದೆ. 2013ರಲ್ಲಿ ಪರಿಸರ ಸಂಘಟನೆ ಗ್ರೀನ್‌ಪೀಸ್‌ನ ಆರ್ಕ್ಟಿಕ್ ಸನ್‌ರೈಸ್ ಹಡಗನ್ನು ವಶಪಡಿಸಿಕೊಂಡದ್ದಕ್ಕೆ ನೆದರ್ಲೆಂಡ್ಸ್ ಸಮುದ್ರ ಕಾನೂನು ಒಪ್ಪಂದದಡಿ ಮಧ್ಯಸ್ಥಿಕೆ ಪಂಚಾಯ್ತಿಗೆ ಎಳೆಯಿತು. ರಷ್ಯಾ ವಿಚಾರಣೆಗೆ ಹಾಜರಾಗಲೇ ಇಲ್ಲ. ಸುಮಾರು 54 ಲಕ್ಷ ಯೂರೊ ಪರಿಹಾರಕ್ಕೆ ಆದೇಶವಾಗಿ, 2019ರಲ್ಲಿ 27 ಲಕ್ಷ ಯೂರೊಗೆ ರಾಜಿಯಾಯಿತು.

ದೇಶವನ್ನು ಬಿಟ್ಟು ಅಧಿಕಾರಿಯ ಹಿಂದೆ

ಐಸಿಸಿ ವ್ಯಾಪ್ತಿಯ ಬಗ್ಗೆ ಹೆಚ್ಚಿನವರು ತಪ್ಪು ತಿಳಿದಿರುತ್ತಾರೆ. ಅಮೆರಿಕ, ರಷ್ಯಾ, ಚೀನಾ, ಭಾರತ, ಇಸ್ರೇಲ್ ಸದಸ್ಯರಲ್ಲ, ನಿಜ. ಆದರೆ ಅಪರಾಧ ಸದಸ್ಯ ದೇಶದ, ಇಲ್ಲವೇ ಸದಸ್ಯವಾಗದೆಯೂ ಆ ನ್ಯಾಯಾಲಯದ ಅಧಿಕಾರವನ್ನು ಒಪ್ಪಿದ ದೇಶದ ನೆಲದಲ್ಲಿ ನಡೆದಿದ್ದರೆ ಸಾಕು, ಅಪರಾಧಿಯ ಪೌರತ್ವ ಯಾವುದಾದರೂ ಸರಿ. ಪುಟಿನ್ ಮೇಲೆ 2023ರ ಮಾರ್ಚ್ 17ರಂದು, ನೆತನ್ಯಾಹು ಮೇಲೆ 2024ರ ನವೆಂಬರ್ 21ರಂದು ವಾರಂಟ್ ಹೊರಟದ್ದು ಹೀಗೆ. ರೋಮ್ ಶಾಸನದ 27ನೇ ವಿಧಿಯಂತೆ ಪದವಿ ಯಾರನ್ನೂ ಕಾಯದು. ಆಕ್ರಮಣದ ಅಪರಾಧಕ್ಕೆ ಮಾತ್ರ ಬೇರೆ ನಿಯಮ: ಭದ್ರತಾ ಮಂಡಳಿಯೇ ಒಪ್ಪಿಸದ ಹೊರತು ಸದಸ್ಯರಲ್ಲದ ದೇಶದವರನ್ನು ಅದಕ್ಕಾಗಿ ಹಿಡಿಯುವಂತಿಲ್ಲ. ಆ ಕಂದಕ ಮುಚ್ಚಲೆಂದೇ ಉಕ್ರೇನ್ ಮತ್ತು ಯುರೋಪ್ ಕೌನ್ಸಿಲ್ 2025ರ ಜೂನ್ 25ರಂದು ವಿಶೇಷ ನ್ಯಾಯಮಂಡಳಿಯ ಒಪ್ಪಂದ ಮಾಡಿಕೊಂಡವು.

ಐಸಿಸಿಗೆ ಸ್ವಂತ ಪೊಲೀಸರಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಪುಟಿನ್ ಸದಸ್ಯ ದೇಶವಾದ ಮಂಗೋಲಿಯಾಕ್ಕೆ ಹೋಗಿ ಬಂದರು, ಯಾರೂ ಹಿಡಿಯಲಿಲ್ಲ. 2025ರ ಮಾರ್ಚ್ 11ರಂದು ಮನಿಲಾದಲ್ಲಿ ಫಿಲಿಪ್ಪೀನ್ಸ್‌ನ ಮಾಜಿ ಅಧ್ಯಕ್ಷ ಡುಟೆರ್ಟೆ ಬಂಧನವಾಯಿತು, ಮರುದಿನ ಹೇಗ್‌ನಲ್ಲಿದ್ದರು. ಅವರ ಕಾಲದಲ್ಲೇ, 2019ರಲ್ಲಿ, ಆ ದೇಶ ಐಸಿಸಿಯಿಂದ ಹೊರಬಂದಿತ್ತು. ಸದಸ್ಯವಾಗಿದ್ದಾಗ ನಡೆದದ್ದರ ಹೊಣೆ ಅದರಿಂದ ಅಳಿಯಲಿಲ್ಲ. ಎರಡಕ್ಕೂ ನಡುವಿನ ವ್ಯತ್ಯಾಸ ಕುರ್ಚಿ. ಕುರ್ಚಿಯಲ್ಲಿರುವವರೆಗೆ ವಾರಂಟ್ ಪ್ರಯಾಣವನ್ನಷ್ಟೇ ಕುಗ್ಗಿಸುತ್ತದೆ; ಕುರ್ಚಿ ಹೋದ ದಿನ ಅದೇ ಕಾಗದ ಬಾಗಿಲು ಬಡಿಯುತ್ತದೆ. ಈ ಅಪರಾಧಗಳಿಗೆ ಕಾಲಮಿತಿ ಇಲ್ಲ.

ನೊಂದವರು ಐಸಿಸಿಯಲ್ಲಿ ‘ಕೇಸು ದಾಖಲಿಸಲು’ ಆಗದು. 15ನೇ ವಿಧಿಯಡಿ ಪ್ರಾಸಿಕ್ಯೂಟರ್ ಕಚೇರಿಗೆ ಮಾಹಿತಿ ಕಳಿಸಬಹುದು, ಅಷ್ಟೆ. ಆ ದೇಶದ ನ್ಯಾಯಾಲಯಗಳೇ ಪ್ರಾಮಾಣಿಕವಾಗಿ ತನಿಖೆ ನಡೆಸುತ್ತಿದ್ದರೆ ಐಸಿಸಿ ಕೈಹಾಕದು. ಹಾಗಾಗಿ ಸ್ಥಳೀಯ ತನಿಖೆ ಹೇಗೆ ನಿಂತುಹೋಯಿತು, ಯಾವ ದೂರಿಗೆ ಯಾವ ಹಿಂಬರಹ ಬಂತು ಎಂಬ ಕಡತವನ್ನು ಅಪರಾಧದ ಕಡತದಷ್ಟೇ ಜೋಪಾನವಾಗಿ ಕಟ್ಟಿಡಬೇಕು.

ಸಹಾಯಕನನ್ನು ಹಿಡಿಯುವ ದಾರಿ

ಬಲಾಢ್ಯನನ್ನು ಮುಟ್ಟಲಾಗದಿದ್ದರೆ ಅವನಿಗೆ ನೆಲ, ವಿಮಾನ ನಿಲ್ದಾಣ, ಜೈಲು ಒದಗಿಸಿದವನನ್ನು ಹಿಡಿಯಬಹುದು. ಇದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಕಡಿಮೆ ಬಳಕೆಯಾಗಿರುವ, ಹೆಚ್ಚು ಫಲ ಕೊಡುವ ದಾರಿ. ಜರ್ಮನಿಯ ಪ್ರಜೆ ಖಾಲಿದ್ ಎಲ್-ಮಸ್ರಿ ಅವರನ್ನು 2003ರ ಡಿಸೆಂಬರ್ 31ರಂದು ಮ್ಯಾಸಿಡೋನಿಯಾದ ಗಡಿಯಲ್ಲಿ ತಡೆದು, ಸ್ಕೋಪ್ಯೆಯ ಹೋಟೆಲೊಂದರಲ್ಲಿ 23 ದಿನ ಕೂಡಿಹಾಕಿ, ಸಿಐಎ ಕೈಗೆ ಒಪ್ಪಿಸಲಾಯಿತು. ಅಲ್ಲಿಂದ ಅಫ್ಗಾನಿಸ್ತಾನದ ಗುಪ್ತ ಜೈಲಿಗೆ. ಅಮೆರಿಕದ ನ್ಯಾಯಾಲಯಗಳು ‘ಸರ್ಕಾರದ ರಹಸ್ಯ’ ಎಂಬ ಕಾರಣಕ್ಕೆ ದಾವೆಯನ್ನು ಹೊರಗಟ್ಟಿದವು. ಅವರ ವಕೀಲರು ಮ್ಯಾಸಿಡೋನಿಯಾದ ಮೇಲೆ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. 2012ರ ಡಿಸೆಂಬರ್ 13ರಂದು ಮಹಾಪೀಠ, ವಿಮಾನ ನಿಲ್ದಾಣದಲ್ಲಿ ಸಿಐಎ ತಂಡ ನಡೆಸಿದ ಚಿತ್ರಹಿಂಸೆಗೂ ಮ್ಯಾಸಿಡೋನಿಯಾವೇ ಹೊಣೆ ಎಂದು 60,000 ಯೂರೊ ಪರಿಹಾರ ವಿಧಿಸಿತು. ಸಿಐಎ ಏನು ಮಾಡಿತು ಎಂಬುದು ಆ ತೀರ್ಪಿನ ಮೂಲಕ ನ್ಯಾಯಾಲಯದ ದಾಖಲೆಯಾಯಿತು. ಮ್ಯಾಸಿಡೋನಿಯಾ ಸರ್ಕಾರ ಎಲ್ಲವನ್ನೂ ಅಲ್ಲಗಳೆದಿತ್ತು. ನ್ಯಾಯಾಲಯದ ಮುಂದಿದ್ದ ಪುರಾವೆಗಳಲ್ಲಿ ವಿಮಾನ ಹಾರಾಟದ ದಾಖಲೆಗಳಿದ್ದವು, ಎಲ್-ಮಸ್ರಿ ದಕ್ಷಿಣ ಏಷ್ಯಾದಲ್ಲಿದ್ದು ಬಹುಕಾಲ ಆಹಾರವಿಲ್ಲದೆ ಕಳೆದಿದ್ದಕ್ಕೆ ಹೊಂದುವ ತಲೆಗೂದಲಿನ ಐಸೊಟೋಪ್ ಪರೀಕ್ಷೆಯೂ ಇತ್ತು.

ಐಸಿಜೆಯಲ್ಲಿ ಈ ತಂತ್ರ ಎಚ್ಚರಿಕೆಯಿಂದ ಬಳಸಬೇಕು. ಗೈರುಹಾಜರಾದ ಮೂರನೆಯ ದೇಶದ ತಪ್ಪನ್ನು ನಿರ್ಣಯಿಸದೆ ಸಹಾಯಕನ ತಪ್ಪನ್ನು ನಿರ್ಣಯಿಸಲಾಗದಿದ್ದರೆ ಐಸಿಜೆ ಹಿಂದೆ ಸರಿಯುತ್ತದೆ. ಪೂರ್ವ ಟಿಮೋರ್ ವಿಷಯದಲ್ಲಿ ಪೋರ್ಚುಗಲ್ ಆಸ್ಟ್ರೇಲಿಯಾದ ಮೇಲೆ ಹೂಡಿದ ದಾವೆ 1995ರಲ್ಲಿ ಹೀಗೆ ಬಿತ್ತು, ಏಕೆಂದರೆ ನಿಜವಾದ ಆಪಾದಿತ ಇಂಡೊನೇಷ್ಯಾ ಅಲ್ಲಿರಲಿಲ್ಲ.

ಬಲಾಢ್ಯ ದೇಶದ ಸ್ವಂತ ನ್ಯಾಯಾಲಯವನ್ನೂ ಮರೆಯಬೇಡಿ. ವಿದೇಶಿ ನ್ಯಾಯಾಲಯದಲ್ಲಿ ಅದಕ್ಕಿರುವ ಸಾರ್ವಭೌಮ ವಿನಾಯಿತಿ ತನ್ನದೇ ನ್ಯಾಯಾಲಯದಲ್ಲಿ ನೆರವಿಗೆ ಬಾರದು. 1950ರ ದಶಕದಲ್ಲಿ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಎದ್ದ ಮೌ ಮೌ ದಂಗೆಯ ದಮನದಲ್ಲಿ ಚಿತ್ರಹಿಂಸೆಗೊಳಗಾದ ಕೆನ್ಯಾದ ವೃದ್ಧರು ಲಂಡನ್ನಿನ ಹೈಕೋರ್ಟಿಗೆ ಹೋದರು. ಬ್ರಿಟಿಷ್ ಸರ್ಕಾರ ಹ್ಯಾನ್‌ಸ್ಲೋಪ್ ಪಾರ್ಕ್‌ನಲ್ಲಿ ಬಚ್ಚಿಟ್ಟಿದ್ದ ವಸಾಹತು ಕಡತಗಳು ವಿಚಾರಣೆಯ ಒತ್ತಡಕ್ಕೆ ಹೊರಬಿದ್ದವು. 2013ರ ಜೂನ್ 6ರಂದು 5,228 ಮಂದಿಗೆ 1.99 ಕೋಟಿ ಪೌಂಡ್ ಕೊಡುವ ಇತ್ಯರ್ಥವಾಯಿತು. ಆಮೇಲೆ 40,000ಕ್ಕೂ ಹೆಚ್ಚು ಜನ ಹೂಡಿದ ಇನ್ನೊಂದು ದಾವೆ 2018ರಲ್ಲಿ ಬಿದ್ದುಹೋಯಿತು. ಕಾಲ ಮೀರಿತ್ತು, ಸಾಕ್ಷಿಗಳು ಉಳಿದಿರಲಿಲ್ಲ.

ವ್ಯಕ್ತಿಯೊಬ್ಬರು ನೇರವಾಗಿ ಹೋಗಬಹುದಾದ ಕಡೆಗಳಲ್ಲಿ ಗಡುವು ಕಟ್ಟುನಿಟ್ಟು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ದೇಶದೊಳಗಿನ ಅಂತಿಮ ತೀರ್ಪಿನಿಂದ ನಾಲ್ಕು ತಿಂಗಳು. 2022ರ ಫೆಬ್ರುವರಿಗೆ ಮುಂಚೆ ಆರು ಇತ್ತು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಗೆ ಸಾಮಾನ್ಯವಾಗಿ ಐದು ವರ್ಷ ಮೀರಬಾರದು, ಆ ದೇಶ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಪ್ಪಂದದ ಐಚ್ಛಿಕ ಪ್ರೊಟೊಕಾಲ್‌ಗೆ ಸೇರಿರಬೇಕು. ರಷ್ಯಾ, ಫ್ರಾನ್ಸ್ ಸೇರಿವೆ. ಅಮೆರಿಕ, ಚೀನಾ, ಬ್ರಿಟನ್, ಭಾರತ ಸೇರಿಲ್ಲ. ಎರಡೂ ಕಡೆ ದೇಶದೊಳಗಿನ ಪರಿಹಾರ ಮಾರ್ಗಗಳು ಮುಗಿದಿರಬೇಕು. ಅಕ್ರಮ ಬಂಧನವಾದರೆ ಮಾತ್ರ ಸ್ವೇಚ್ಛಾ ಬಂಧನದ ಕುರಿತ ವಿಶ್ವಸಂಸ್ಥೆಯ ಕಾರ್ಯತಂಡಕ್ಕೆ ಯಾವ ದೇಶದ ವಿರುದ್ಧವಾದರೂ, ಸ್ಥಳೀಯ ನ್ಯಾಯಾಲಯ ಮುಗಿಸದೆಯೂ ಬರೆಯಬಹುದು. ಸರ್ಕಾರಕ್ಕೆ ಉತ್ತರಿಸಲು 60 ದಿನ ಕೊಡುತ್ತಾರೆ.

ಪುರಾವೆ

ಬಲಾಢ್ಯರು ತಪ್ಪಿಸಿಕೊಳ್ಳಲು ವಿಟೊಗಿಂತ ಹೆಚ್ಚು ನೆರವಾಗುವುದು ಕೆಟ್ಟ ಪುರಾವೆ. ‘ಏನು ನಡೆಯಿತು’ ಎಂಬುದಕ್ಕೆ ರಾಶಿ ಪುರಾವೆ ಬರುತ್ತದೆ, ‘ಯಾರ ಅಪ್ಪಣೆಯಿಂದ’ ಎಂಬುದಕ್ಕೆ ಚೂರೂ ಇರುವುದಿಲ್ಲ. ಬೋಸ್ನಿಯಾ–ಸರ್ಬಿಯಾ ಪ್ರಕರಣದಲ್ಲಿ 2007ರಲ್ಲಿ ಐಸಿಜೆ ಸ್ರೆಬ್ರೆನಿಕಾದಲ್ಲಿ ನರಮೇಧ ನಡೆದದ್ದನ್ನು ಒಪ್ಪಿತು; ಸರ್ಬಿಯಾ ಅದನ್ನು ತಡೆಯಲಿಲ್ಲ ಎಂದಿತು; ಆದರೆ ಸರ್ಬಿಯಾವೇ ನಡೆಸಿತು ಎನ್ನಲು ಬೇಕಾದ ನಿಯಂತ್ರಣ ಸಾಬೀತಾಗಲಿಲ್ಲ. ಸರ್ಬಿಯಾ ಸೇರಿದ್ದ ಅಂದಿನ ಯುಗೊಸ್ಲಾವಿಯಾದ ಉನ್ನತ ರಕ್ಷಣಾ ಮಂಡಳಿಯ ನಡಾವಳಿಗಳಲ್ಲಿ ಸಾಲುಗಳಿಗೆ ಮಸಿ ಬಳಿದಿತ್ತು, ನ್ಯಾಯಾಲಯ ಪೂರ್ಣ ಪ್ರತಿಗಳನ್ನು ತರಿಸಲಿಲ್ಲ. ಅದು ತಪ್ಪು ನಿರ್ಧಾರ ಎಂದೇ ನನ್ನ ಅಭಿಪ್ರಾಯ. ಇದಕ್ಕೆ ತದ್ವಿರುದ್ಧ ಚಾಡ್‌ನ ಮಾಜಿ ಸರ್ವಾಧಿಕಾರಿ ಹಿಸೆನ್ ಹಬ್ರೆ ಪ್ರಕರಣ: 2001ರಲ್ಲಿ ಎನ್‌ಜಮೇನಾದ ಪಾಳುಬಿದ್ದ ಕಚೇರಿಯಲ್ಲಿ ಅವರ ರಾಜಕೀಯ ಪೊಲೀಸರ ಕಡತಗಳು ಸಿಕ್ಕವು, 12,321 ಸಂತ್ರಸ್ತರ, ಅವರಲ್ಲಿ ಬಂಧನದಲ್ಲಿ ಸತ್ತ ಅಥವಾ ಕೊಲೆಯಾದ 1,208 ಮಂದಿಯ ಹೆಸರುಗಳು ಅದರಲ್ಲಿದ್ದವು. ಸೆನೆಗಲ್‌ನಲ್ಲಿ 2016ರ ಮೇ 30ರಂದು ಹಬ್ರೆಗೆ ಜೀವಾವಧಿ ಶಿಕ್ಷೆಯಾಯಿತು.

ಹಾಗಾಗಿ ಸ್ಥಳದಲ್ಲಿರುವವರು ಗಾಯ, ಹೆಣ, ಅವಶೇಷಗಳ ಜೊತೆಗೆ ಸೇನಾ ತುಕಡಿಯ ಲಾಂಛನ, ವಾಹನದ ಸಂಖ್ಯೆ, ವಿಮಾನ ಬಂದ ನಿಖರ ಸಮಯ, ಅಧಿಕಾರಿಯನ್ನು ಇತರರು ಕರೆದ ಹೆಸರು, ಬಾಂಬ್ ಚೂರಿನ ಮೇಲಿನ ಅಂಕಿಗಳನ್ನೂ ಬರೆದಿಡಬೇಕು. ಚೂರಿನ ಪಕ್ಕ ಅಳತೆಪಟ್ಟಿ ಇಟ್ಟು ಚಿತ್ರ ತೆಗೆಯಿರಿ. ಸಿಡಿಯದ ಮದ್ದುಗುಂಡು ಕಂಡರೆ ದೂರದಿಂದಲೇ, ಹತ್ತಿರ ಹೋಗಬೇಡಿ. ವಿಡಿಯೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ವಿಡಿಯೊವಾಗಿ ಕಳಿಸಿದರೆ ಕಡತ ಕುಗ್ಗಿ, ತೆಗೆದ ಸಮಯ ಮತ್ತು ಸ್ಥಳದ ಮಾಹಿತಿ ಅಳಿಸಿಹೋಗುತ್ತದೆ. ಮೂಲ ಕಡತವನ್ನು ಕತ್ತರಿಸದೆ, ಅಕ್ಷರ ಸೇರಿಸದೆ ಹಾಗೇ ನಕಲು ಮಾಡಿ, ಅದೇ ದಿನ ಅದರ ಎಸ್‌ಎಚ್‌ಎ-256 ಹ್ಯಾಶ್ ಸಂಖ್ಯೆ (ಕಡತದ ಡಿಜಿಟಲ್ ಬೆರಳಚ್ಚು) ತೆಗೆದು ಬರೆದಿಡಿ. ಒಂದು ಬಿಂದು ಬದಲಾದರೂ ಆ ಸಂಖ್ಯೆ ಬದಲಾಗುವುದರಿಂದ ‘ತಿದ್ದಿದ್ದಾರೆ’ ಎಂಬ ಆರೋಪಕ್ಕೆ ಅದೇ ಉತ್ತರ. ಯಾರು ತೆಗೆದರು, ಯಾರ ಕೈಗೆ ಯಾವಾಗ ಹೋಯಿತು ಎಂಬ ಪಟ್ಟಿ ಜೊತೆಗಿರಲಿ. ಲಿಬಿಯಾದ ಕಮಾಂಡರ್ ಅಲ್-ವರ್ಫಲ್ಲಿ ಮೇಲೆ 2017ರಲ್ಲಿ ಐಸಿಸಿ ಹೊರಡಿಸಿದ ವಾರಂಟ್ ಬಹುಮಟ್ಟಿಗೆ ಸಾಮಾಜಿಕ ಜಾಲತಾಣದ ವಿಡಿಯೊಗಳ ಮೇಲೆ ನಿಂತಿತ್ತು. ಡಿಜಿಟಲ್ ಪುರಾವೆಗೆ ಬರ್ಕ್ಲಿ ಪ್ರೊಟೊಕಾಲ್, ಸಂಶಯಾಸ್ಪದ ಸಾವಿಗೆ ಮಿನೆಸೋಟ ಪ್ರೊಟೊಕಾಲ್, ಚಿತ್ರಹಿಂಸೆಯ ವೈದ್ಯಕೀಯ ಪರೀಕ್ಷೆಗೆ ಇಸ್ತಾಂಬುಲ್ ಪ್ರೊಟೊಕಾಲ್ ಎಂಬ ಕೈಪಿಡಿಗಳಿವೆ. ವೈದ್ಯರು, ಪತ್ರಕರ್ತರು ಮೊದಲೇ ಓದಿಟ್ಟುಕೊಂಡಿರಬೇಕು.

ಸಾಕ್ಷಿಯ ವಿಷಯದಲ್ಲಿ ಹಾನಿ ಮಾಡುವುದು ಹೆಚ್ಚಾಗಿ ಹಿತೈಷಿಗಳೇ. ಒಬ್ಬ ಹೆಣ್ಣುಮಗಳನ್ನು ಆರು ಸಂಘಟನೆಗಳು ಆರು ಸಲ ಮಾತಾಡಿಸಿದರೆ ಆರು ಹೇಳಿಕೆಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸ ಬಂದೇ ಬರುತ್ತದೆ, ಪ್ರತಿವಾದಿಯ ವಕೀಲ ಅದನ್ನೇ ಹಿಡಿದು ಎಳೆಯುತ್ತಾನೆ. ತರಬೇತಿ ಇಲ್ಲದವರು ಪೂರ್ಣ ಹೇಳಿಕೆ ತೆಗೆದುಕೊಳ್ಳಬಾರದು. ಹೆಸರು, ಸಂಪರ್ಕ, ಏನನ್ನು ಕಣ್ಣಾರೆ ಕಂಡರು ಎಂಬ ಎರಡು ಸಾಲು, ಮುಂದೆ ಸಾಕ್ಷಿ ಹೇಳಲು ಒಪ್ಪಿಗೆ ಇದೆಯೇ ಎಂಬುದು ಸಾಕು. ಅದನ್ನು ಎಲ್ಲೂ ಪ್ರಕಟಿಸಬಾರದು.

ನಷ್ಟದ ಲೆಕ್ಕವನ್ನೂ ಆಗಲೇ ಶುರುಮಾಡಬೇಕು. 2005ರಲ್ಲಿ ಕಾಂಗೊ ಉಗಾಂಡದ ಮೇಲೆ ಗೆದ್ದಿತು. ಪರಿಹಾರವೆಂದು 1,100 ಕೋಟಿ ಡಾಲರ್‌ಗೂ ಹೆಚ್ಚು ಕೇಳಿತು, 1,80,000 ನಾಗರಿಕರು ಸತ್ತರು ಎಂದಿತು. ಮರಣ ಪ್ರಮಾಣಪತ್ರಗಳಿರಲಿಲ್ಲ, ನಷ್ಟದ ಅರ್ಜಿಗಳು ಅಸ್ಪಷ್ಟವಾಗಿದ್ದವು. ಲಭ್ಯ ಪುರಾವೆ 10,000ದಿಂದ 15,000 ಸಾವುಗಳನ್ನು ಸೂಚಿಸುತ್ತದೆ ಎಂದ ನ್ಯಾಯಾಲಯ 2022ರ ಫೆಬ್ರುವರಿ 9ರಂದು ಕೊಟ್ಟದ್ದು 32.5 ಕೋಟಿ ಡಾಲರ್: ಜನರಿಗಾದ ಹಾನಿಗೆ 22.5 ಕೋಟಿ, ಆಸ್ತಿಗೆ 4 ಕೋಟಿ, ನೈಸರ್ಗಿಕ ಸಂಪತ್ತಿಗೆ 6 ಕೋಟಿ. ವರ್ಷಕ್ಕೆ 6.5 ಕೋಟಿಯಂತೆ ಐದು ಕಂತು. ಮೊದಲನೆಯದನ್ನು ಉಗಾಂಡ ಅದೇ ವರ್ಷ ಕಟ್ಟಿತು. ಉಕ್ರೇನ್ ವಿಷಯದಲ್ಲಿ ಈ ಪಾಠ ಕಲಿತಂತಿದೆ: ಯುದ್ಧ ನಡೆಯುತ್ತಿರುವಾಗಲೇ, 2023ರಲ್ಲಿ, ಹೇಗ್‌ನಲ್ಲಿ ಹಾನಿ ನೋಂದಣಿ ಕಚೇರಿ ಸ್ಥಾಪನೆಯಾಗಿ, 2024ರ ಏಪ್ರಿಲ್‌ನಿಂದ ಮನೆ ಕಳೆದುಕೊಂಡವರ ಅರ್ಜಿಗಳನ್ನು ಮೊದಲು ತೆಗೆದುಕೊಳ್ಳತೊಡಗಿತು. ಅಂಥ ಕಚೇರಿ ಇಲ್ಲದ ಕಡೆ ಪ್ರತಿ ಮನೆಗೂ ಒಂದು ಹಾಳೆ ಸಾಕು: ಮಾಲೀಕತ್ವದ ಪತ್ರದ ಚಿತ್ರ, ಹಾನಿಗೆ ಮೊದಲಿನ ಒಂದು ಚಿತ್ರ ಮತ್ತು ನಂತರದ್ದು, ದಿನಾಂಕ, ಸತ್ತವರ ಪೂರ್ಣ ಹೆಸರು ಮತ್ತು ವಯಸ್ಸು, ಚಿಕಿತ್ಸೆಯ ರಸೀದಿ, ಇಬ್ಬರು ನೆರೆಯವರ ಸಹಿ. ಒಂದು ಪ್ರತಿ ದೇಶದ ಹೊರಗೆ ಸುರಕ್ಷಿತವಾಗಿರಲಿ.